ಪಿತೃಸ್ಥಾನದ ಎಲೆ

ಮಾನ್ವಿಯ ಶೇಷಗಿರಿಯಾಚಾರ್ಯರ ಕೆಲಸ ಉಣ್ಣುವುದಾಗಿತ್ತು. ಹೀಗೆ ಹೇಳಿದರೆ ದೂರದವರು ನಗುತ್ತಾರೆ. ಮಾನ್ವಿಯವರೂ ನಗುತ್ತಿದ್ದರು. ಆದರೆ ತಮ್ಮ ಮನೆಯಲ್ಲಿ ತಂದೆಯದೋ ತಾಯಿಯದೋ ಶ್ರಾದ್ಧದ ತಿಥಿ ಹತ್ತಿರ ಬಂತೆಂದರೆ ನಗು ನಿಲ್ಲಿಸಿ ಮೊದಲು ಅವರ ಬಾಗಿಲಿಗೇ ಬರುತ್ತಿದ್ದರು. ಶ್ರಾದ್ಧದ ದಿನ ಎಲೆಯ ಮುಂದೆ ಒಬ್ಬರು ದೇವತೆಗಳ ಸ್ಥಾನದಲ್ಲಿ, ಇನ್ನೊಬ್ಬರು ಪಿತೃಗಳ ಸ್ಥಾನದಲ್ಲಿ ಕೂರಬೇಕು. ಪಿತೃಸ್ಥಾನದಲ್ಲಿ ಕೂತವರು ಉಂಡದ್ದು ಸತ್ತವರಿಗೆ ಮುಟ್ಟುತ್ತದೆ. ಅವರು ಬಿಟ್ಟದ್ದು ಸತ್ತವರು ಬಿಟ್ಟದ್ದು. ಆಚಾರ್ಯರು ಏನನ್ನೂ ಬಿಡುತ್ತಿರಲಿಲ್ಲ. ಮೌನವಾಗಿ, ಅವಸರವಿಲ್ಲದೆ, ಎಲೆಯ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಉಂಡು, ಕೊನೆಗೆ ಮನೆಯ ಯಜಮಾನ ಕೈಮುಗಿದು ತೃಪ್ತಿಯಾಯಿತೇ ಎಂದು ಕೇಳಿದಾಗ ಆಯಿತೆಂದು ಸಂಸ್ಕೃತದಲ್ಲಿ ಹೇಳುತ್ತಿದ್ದರು. ಆ ಧ್ವನಿ ಕೇಳಿದರೆ, ತಾಯಿ ಬದುಕಿದ್ದಾಗ ಒಂದು ತುತ್ತು ಹಾಕದ ಮಗನಿಗೂ ಅವಳು ಹೊಟ್ಟೆ ತುಂಬಿ ಎದ್ದಳೆಂಬ ಸಮಾಧಾನವಾಗುತ್ತಿತ್ತು.

ಅವರ ಹೆಂಡತಿ ಕಾವೇರಿಬಾಯಿ ಅದೇ ಮನೆಗಳಲ್ಲಿ ಅಡಿಗೆ ಮಾಡುತ್ತಿದ್ದರು. ಬೆಳಗ್ಗೆ ತಣ್ಣೀರು ಸುರಿದುಕೊಂಡು ಮಡಿಸೀರೆ ಉಟ್ಟರೆ ಬ್ರಾಹ್ಮಣರ ಊಟ ಮುಗಿಯುವವರೆಗೆ ಯಾರನ್ನೂ ಮುಟ್ಟುವಂತಿಲ್ಲ, ಹೊಸ್ತಿಲು ದಾಟುವಂತಿಲ್ಲ. ವಡೆ, ಎಳ್ಳುಂಡೆ, ಅತ್ರಸ, ಗೋಧಿ ಪಾಯಸ, ಹಾಗಲಕಾಯಿ ಪಲ್ಯ ಎಲ್ಲವನ್ನೂ ರುಚಿ ನೋಡದೆಯೇ ಮಾಡಬೇಕು. ಹದಿನಾಲ್ಕನೆಯ ವಯಸ್ಸಿನಲ್ಲಿ ಮದುವೆಯಾಗಿ ಬಂದಾಗ ಅತ್ತೆಯಿಂದ ಕಲಿತದ್ದು. ಮಕ್ಕಳಾಗಲಿಲ್ಲ. ಹೊಗೆಯಲ್ಲಿ ಅವರ ಕಣ್ಣು ಕೆಂಪಾದವು, ಸ್ವಭಾವ ಒರಟಾಯಿತು. ತಾವು ಒಳಗೆ ಬೇಯಿಸಿದ್ದನ್ನು ಗಂಡ ಹೊರಗೆ ಪರರ ಹೆಸರಿನಲ್ಲಿ ಉಣ್ಣುವುದು ಅವರಿಗೆ ವಿಚಿತ್ರವೆಂದು ಎಂದೂ ಅನಿಸಿರಲಿಲ್ಲ.

ಸಾವಿರದ ಒಂಬೈನೂರ ಎಪ್ಪತ್ತನಾಲ್ಕರ ಬೇಸಿಗೆಯಲ್ಲಿ ಆಚಾರ್ಯರ ಹಸಿವು ಹೆಚ್ಚಿತು. ಒಂದು ಎಲೆ ಉಂಡು ಮನೆಗೆ ಬರುವಷ್ಟರಲ್ಲಿ ಮತ್ತೆ ಹೊಟ್ಟೆ ಬೆನ್ನಿಗೆ ಹತ್ತುತ್ತಿತ್ತು. ಇದನ್ನು ಅವರು ರೋಗವೆಂದು ತಿಳಿಯಲಿಲ್ಲ, ಅನುಗ್ರಹವೆಂದು ತಿಳಿದರು. ತಮ್ಮ ಮೂಲಕ ಪಿತೃಗಳು ಈಗ ನಿಜವಾಗಿಯೂ ಉಣ್ಣುತ್ತಿದ್ದಾರೆ ಎಂದುಕೊಂಡರು. ಕರೆದ ಮನೆಯವರೂ ಹಾಗೇ ತಿಳಿದರು. ಜೊತೆಯಲ್ಲಿ ದೇವತೆಗಳ ಸ್ಥಾನದ ಎಲೆಗೆ ಕೂರುತ್ತಿದ್ದ ಭೀಮಸೇನಾಚಾರ್ಯರು ಮಾತ್ರ ಕೈ ತೊಳೆಯುವಾಗ ಚೇಷ್ಟೆ ಮಾಡುತ್ತಿದ್ದರು.

“ಏನ್ ವೈನಿ, ನಮ್ಮ ಆಚಾರ್ರ ಹೊಟ್ಟ್ಯಾಗ ಮೂರೂ ತಲಿಮಾರು ಒಮ್ಮೆಲೆ ಬಂದು ಕೂತಂಗ ಅದಲ್ರೀ. ನನ್ನ ಎಲಿ ಕಡೆ ಕೈ ಬರ್ತದೇನೋ ಅಂತ ಅಂಜಿ ಉಂಡೆ ನಾ.”

“ತಲಿಮಾರು ಬಂದ್ರ ಮೈ ತುಂಬಬೇಕಿತ್ತಲ್ಲ,” ಎಂದರು ಕಾವೇರಿಬಾಯಿ. “ಧೋತರ ನಿಲ್ಲವಲ್ದು ನಡುವಿನ್ಯಾಗ. ಉಂಡದ್ದೆಲ್ಲ ಸತ್ತವರಿಗೇ ಹೋದ್ರ ಇದ್ದವರಿಗೇನು ಉಳೀತದ?”

ಗಂಡ ಉಂಡಷ್ಟೂ ಇಳಿಯುತ್ತಿದ್ದಾರೆಂಬುದು ಅವರ ಕಣ್ಣಿಗೆ ಮೊದಲು ಬಿದ್ದಿತು. ಮಳೆಗಾಲಕ್ಕೆ ಮೊದಲು ಅವರನ್ನು ಬಸ್ಸಿನಲ್ಲಿ ಕೂರಿಸಿ ರಾಯಚೂರಿಗೆ ಕರೆದೊಯ್ದರು. ತೀನ್ ಕಂದೀಲ್ ಚೌಕದ ಹತ್ತಿರ ಡಾಕ್ಟರ್ ಅಬ್ದುಲ್ ವಹೀದರ ದವಾಖಾನೆಯಿತ್ತು. ಅವರು ಹೈದರಾಬಾದಿನಲ್ಲಿ ಓದಿದವರು, ಮಿತಭಾಷಿ. ರಕ್ತ, ಮೂತ್ರ ನೋಡಿ ಕನ್ನಡಕ ತೆಗೆದರು.

“ಆಚಾರ್ ಸಾಬ್, ಸಕ್ಕರಿ ಕಾಯಿಲಿ ಅದ ನಿಮಗ. ಹೋಗೂದಲ್ಲ ಇದು. ಹದ್ದುಬಸ್ತಿನ್ಯಾಗ ಇಡಾಕ ಬರ್ತದ ಅಷ್ಟ. ಗುಳಿಗಿ ಕೊಡ್ತೀನಿ. ಗುಳಿಗಿಗಿಂತ ದೊಡ್ಡದು ಪಥ್ಯ.”

“ಎಷ್ಟು ದಿನದ ಪಥ್ಯರಿ?”

“ಉಸಿರಿರೂತನಕ. ಸಿಹಿ ಬಂದ್. ಅನ್ನ ಹಿಡಿಯಷ್ಟು. ದಿನಾ ನಡೀಬೇಕು. ಏನ್ ಕೆಲಸ ಮಾಡ್ತೀರಿ?”

“ಶ್ರಾದ್ಧದ ಊಟಕ್ಕ ಹೋಗ್ತೀನ್ರಿ.”

“ಊಟ ಬಿಡ್ರಿ. ಕೆಲಸ ಕೇಳಿದೆ.”

“ಕೆಲಸಾನೇ ಅದು.”

ಡಾಕ್ಟರರು ಪೆನ್ನು ಕೆಳಗಿಟ್ಟು ಕಾವೇರಿಬಾಯಿಯ ಮುಖ ನೋಡಿದರು. ಅಲ್ಲಿ ತಮಾಷೆ ಇರಲಿಲ್ಲ.

“ಬಾಯೀರ,” ಎಂದರು, “ಇವರಿಗೆ ಹೇಳಿ ಉಪಯೋಗಿಲ್ಲ. ನಿಮಗ ಹೇಳ್ತೀನಿ ಕೇಳ್ರಿ.”

ಕಾವೇರಿಬಾಯಿ ಕೇಳಿದರು. ಸಕ್ಕರೆ ಏರಿದರೆ ಏನಾಗುತ್ತದೆ, ಇಳಿದರೆ ಏನಾಗುತ್ತದೆ, ಇಳಿದಾಗ ಬೆವರು ಬಿಟ್ಟು ಮಾತು ತೊದಲಿದರೆ ಬಾಯಿಗೆ ಬೆಲ್ಲ ಹಾಕಬೇಕು, ಎಲ್ಲವನ್ನೂ ಎರಡೆರಡು ಸಲ ಕೇಳಿ ತಿಳಿದುಕೊಂಡರು. ಮೂತ್ರ ಪರೀಕ್ಷಿಸುವ ನೀಲಿ ದ್ರಾವಣದ ಸೀಸೆ, ಗಾಜಿನ ನಳಿಗೆ, ಸ್ಪಿರಿಟ್ ದೀಪ ಕೊಂಡರು. ಗಂಡನ ಮೂತ್ರವನ್ನು ಮನೆಯೊಳಗೆ ಕಾಯಿಸುವುದು ಸಾಧ್ಯವೇ ಇರಲಿಲ್ಲ. ಹಿತ್ತಲಲ್ಲಿ ದನ ಕಟ್ಟುತ್ತಿದ್ದ ಪಾಳು ಕೊಟ್ಟಿಗೆಯೊಳಗೆ ಕೂತು ಕಾಯಿಸಿ, ಬಣ್ಣ ನೋಡಿ, ಮತ್ತೆ ಸ್ನಾನ ಮಾಡಿ ಒಳಗೆ ಬರುತ್ತಿದ್ದರು. ನೀಲಿ ಇದ್ದರೆ ಒಳ್ಳೆಯದು. ಹಸಿರಾದರೆ ಜಾಗ್ರತೆ. ಹಳದಿಯಾದರೆ ಪಥ್ಯ ತಪ್ಪಿದೆ. ಇಟ್ಟಿಗೆಯ ಬಣ್ಣ ಬಂದರೆ ಕೇಳುವುದೇ ಬೇಡ. ಮೊದಲು ಬಂದದ್ದು ಇಟ್ಟಿಗೆಯ ಬಣ್ಣ.

ಅವರು ಅಕ್ಕಿಯ ಡಬ್ಬಿಯನ್ನು ಅಟ್ಟಕ್ಕೇರಿಸಿದರು. ಜೋಳದ ರೊಟ್ಟಿ, ಪುಂಡಿಪಲ್ಯ, ಹೆಸರುಕಾಳು, ನೆನೆಸಿದ ಮೆಂತ್ಯ. ಬೆಳಗಿನ ಗುಳಿಗೆ ಊಟದೊಂದಿಗೆ, ತಮ್ಮ ಕಣ್ಣೆದುರಿಗೆ. ಸಂಜೆ ಕಲ್ಲೂರಿನ ದಾರಿಯಲ್ಲಿ ನಡೆಸುತ್ತಿದ್ದರು. ತಾವು ನಾಲ್ಕು ಹೆಜ್ಜೆ ಹಿಂದೆ, ಗಂಡ ಮುಂದೆ. ಕಾವೇರಿಬಾಯಿ ಆಚಾರ್ರನ್ನ ಮೇಯಿಸಲಿಕ್ಕೆ ಹೊಡಕೊಂಡು ಹೊಂಟಾಳ ಎಂದು ಓಣಿಯ ಹೆಂಗಸರು ನಕ್ಕರು. ದೀಪಾವಳಿಯ ಹೊತ್ತಿಗೆ ನಳಿಗೆಯ ಬಣ್ಣ ಹಸಿರಿಗೆ ಬಂತು, ಸಂಕ್ರಾಂತಿಗೆ ನೀಲಿಯಾಯಿತು. ಆಚಾರ್ಯರ ಕೆನ್ನೆ ತುಂಬಿತು. ಕಾವೇರಿಬಾಯಿಯ ಬಾಳಿನಲ್ಲಿ ಅವರ ಕೈಯಿಂದ ಒಂದು ಕೆಲಸ ಪೂರ್ತಿಯಾಗಿ ನೆರವೇರಿದ ಕಾಲ ಅದೊಂದೇ.

ಅದು ಕೆಟ್ಟದ್ದು ಮಾನ್ವಿಯಲ್ಲೇ ಒಂದು ಶ್ರಾದ್ಧದ ಮನೆಯಲ್ಲಿ, ಒಂದು ಬಟ್ಟಲು ಪಾಯಸದಿಂದ. ಹೆಂಡತಿಗೆ ಮಾತು ಕೊಟ್ಟಿದ್ದರಿಂದ ಆಚಾರ್ಯರು ಶ್ರಾದ್ಧದ ಎಲೆಯಲ್ಲೂ ಸಿಹಿ ಬಂದಾಗ ಕೈ ಅಡ್ಡ ಹಿಡಿಯತೊಡಗಿದ್ದರು. ಆ ಮನೆಯಲ್ಲಿ ಸತ್ತವನ ತಂಗಿ ಬಾಗಿಲ ಮರೆಯಲ್ಲಿ ನಿಂತು ನೋಡುತ್ತಿದ್ದಳು. ಊಟ ಮುಗಿಯುವವರೆಗೆ ತಡೆದುಕೊಂಡು, ಆಮೇಲೆ ಅಡಿಗೆಮನೆಯ ಹೊಸ್ತಿಲ ಆಚೆ ಕುಕ್ಕರಿಸಿ ಅತ್ತಳು.

“ಅಣ್ಣಗ ಪಾಯಸ ಅಂದ್ರ ಪ್ರಾಣ ಇತ್ತು ಕಾವೇರಿ. ಇವತ್ತ ಮುಟ್ಟಲಿಲ್ಲ. ಆಸ್ಪತ್ರ್ಯಾಗಿದ್ದಾಗ ನಾ ಬರಲಿಲ್ಲಂತ ಇನ್ನೂ ಸಿಟ್ಟದ ಅವಗ.”

“ಅವಗಲ್ಲವ್ವಾ. ಇವರಿಗೆ ಡಾಕ್ಟರ್ ಬ್ಯಾಡ ಅಂದಾರ.”

“ಎಲಿ ಮುಂದ ಕೂತವರು ಇವರೇನು?” ಎಂದಳು ಆಕೆ. ಶಾಸ್ತ್ರವೂ ಅದನ್ನೇ ಹೇಳುತ್ತದೆ.

ಮುಂದಿನ ವರ್ಷ ಆ ಮನೆಯಿಂದ ಕರೆ ಬರಲಿಲ್ಲ. ಇನ್ನೂ ಕೆಲವು ಮನೆಗಳಿಂದ ಬರಲಿಲ್ಲ. ಕಾವೇರಿಬಾಯಿ ಸ್ಪಷ್ಟವಾಗಿ ಹೇಳಿದರು.

“ನಾ ಅಡಗಿಗೆ ಹೋಗ್ತೀನಿ, ಇಬ್ಬರ ಹೊಟ್ಟಿ ನಡೀತದ. ನೀವು ಮನ್ಯಾಗ ಕೂತು ಪಾರಾಯಣ ಮಾಡ್ರಿ. ಸಾಕು ಆ ಎಲಿ.”

“ಹಸಿದು ಬಂದವರನ್ನ ನಾ ತಿರುಗಿ ಕಳಸ್ಲಿಕ್ಕತ್ತೀನಿ ಕಾವೇರಿ. ಮನ್ಯಾಗ ಕೂತ್ರೂ ಅದು ನನ್ನ ಬಿಡೂದಿಲ್ಲ.”

ಆಚಾರ್ಯರು ಸುಳ್ಳು ಹೇಳುವವರಲ್ಲ, ಹೊಟ್ಟೆಬಾಕರೂ ಅಲ್ಲ. ಸತ್ತವರು ಬರುತ್ತಾರೆಂದು ಅವರು ನಿಜವಾಗಿಯೂ ನಂಬಿದ್ದರು. ಇಂಥ ನಂಬಿಕೆಯೊಂದಿಗೆ ಜಗಳವಾಡಿ ಗೆದ್ದ ಹೆಂಡತಿಯನ್ನು ಯಾರೂ ಕಂಡಿಲ್ಲ. ಆಚಾರ್ಯರು ತಮ್ಮಷ್ಟಕ್ಕೆ ಒಂದು ಏರ್ಪಾಡು ಮಾಡಿಕೊಂಡರು. ಮನೆಯಲ್ಲಿ ಹೆಂಡತಿಯ ಪಥ್ಯ. ಶ್ರಾದ್ಧದ ದಿನ ಎಲೆಯ ಮೇಲಿನದ್ದೆಲ್ಲ ಉಣ್ಣುವುದು, ಅದಕ್ಕೆ ಸರಿಹೋಗಲೆಂದು ಅಂದು ಬೆಳಗ್ಗೆ ಒಂದರ ಬದಲು ಎರಡು ಗುಳಿಗೆ ನುಂಗುವುದು. ನಸುಕಿನಲ್ಲೇ ಮಡಿಯುಟ್ಟು ಅಡಿಗೆಗೆ ನಿಂತ ಹೆಂಡತಿಗೆ ಇದನ್ನು ತಿಳಿಸಲಿಲ್ಲ. ಶ್ರಾದ್ಧಕ್ಕೆ ಕೂರುವವರು ಹಿಂದಿನ ರಾತ್ರಿ ಉಣ್ಣುವಂತಿಲ್ಲ. ಮರುದಿನ ಎಲೆ ಬೀಳುವುದು ಹೊತ್ತು ಇಳಿಮುಖವಾದ ಮೇಲೆ. ಅಲ್ಲಿಯವರೆಗೆ ಹೊಟ್ಟೆಯಲ್ಲಿ ಗುಳಿಗೆಯ ಹೊರತು ಏನೂ ಇರುವುದಿಲ್ಲವೆಂಬುದು ಅವರ ತಲೆಗೆ ಹೋಗಲಿಲ್ಲ.

ರಾಯಚೂರಿನ ಒಂದು ದೊಡ್ಡ ಮನೆ. ಆಚಾರ್ಯರು ಮಣೆಯ ಮೇಲೆ ಕೂತಿದ್ದರು, ಮಂತ್ರ ನಡೆಯುತ್ತಿತ್ತು, ಎಲೆ ಇನ್ನೂ ಬಿದ್ದಿರಲಿಲ್ಲ. ಒಮ್ಮೆಲೇ ಅವರ ಮೈ ಬೆವರಿತು. ಕೈ ನಡುಗಿತು, ಕಣ್ಣು ಮೇಲಾದವು. ಭೀಮಸೇನಾಚಾರ್ಯರು ಹೆದರಿ ಮಂತ್ರ ನಿಲ್ಲಿಸಿದರು. ಮನೆಯವರು ಬೇರೆಯೇ ತಿಳಿದರು. ತಂದೆ ಮೈಮೇಲೆ ಬಂದಿದ್ದಾನೆಂದು ಯಜಮಾನ ಅಡ್ಡಬಿದ್ದ.

“ಅಪ್ಪಾ, ಏನು ಬೇಕು ಹೇಳು. ಏನು ಕಡಿಮಿ ಮಾಡಿದ್ವಿ ನಿನಗ?”

“ಹಸಿವಿ...” ಎಂದರು ಆಚಾರ್ಯರು, ತೊದಲುತ್ತ.

ಯಜಮಾನ ಗೋಳೋ ಎಂದು ಅತ್ತ. ಆ ಅಳು ಅಡಿಗೆಮನೆಗೆ ಕೇಳಿತು. ಕಾವೇರಿಬಾಯಿ ಬಾಗಿಲಿಗೆ ಬಂದು ಗಂಡನ ಮುಖ ನೋಡಿದರು. ಪಿತೃ ಅಲ್ಲ, ಸಕ್ಕರೆ ಇಳಿದಿದೆ ಎಂದು ತಿಳಿಯಲು ಅವರಿಗೆ ಒಂದು ಕ್ಷಣ ಸಾಕಾಯಿತು. ಬೆಲ್ಲದ ಹೆಂಟೆ ಹಿಡಿದು, ಮಡಿಸೀರೆಯಲ್ಲೇ ಹೊಸ್ತಿಲು ದಾಟಿ, ಅಡ್ಡಬಿದ್ದವನನ್ನು ಕಾಲಿನಿಂದ ಸರಿಸಿ, ಗಂಡನ ದವಡೆ ಬಿಡಿಸಿ ಬೆಲ್ಲ ತುರುಕಿದರು.

ಆಚಾರ್ಯರು ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟರು. ಆದರೆ ಮಡಿ ಕೆಟ್ಟಿತ್ತು, ಅಡಿಗೆಯೆಲ್ಲ ಮೈಲಿಗೆಯಾಗಿತ್ತು, ಎಲೆಯ ಮುಂದೆ ಕೂತವರು ಊಟಕ್ಕೆ ಮೊದಲೇ ಬೆಲ್ಲ ತಿಂದಿದ್ದರು. ಮನೆಯವರು ಬೇರೆ ಅಡಿಗೆಯವಳನ್ನೂ ಬೇರೆ ಬ್ರಾಹ್ಮಣರನ್ನೂ ಹುಡುಕಲು ಜನರನ್ನು ಓಡಿಸಿದರು. ಗಂಡಹೆಂಡತಿಗೆ ಹೋಗಿರೆಂದು ಯಾರೂ ಹೇಳಲಿಲ್ಲ. ನಿಲ್ಲಿರೆಂದೂ ಹೇಳಲಿಲ್ಲ.

“ಎರಡು ನುಂಗಿ ಉಪಾಸ ಕೂತ್ರೇನು?” ಎಂದು ಡಾಕ್ಟರರು ಕೇಳಿದರು. “ನಮ್ಮವರ್ದೂ ಇದ ಹಣೇಬರಹ. ರಮ್ಜಾನಿನ ರೋಜಾ ಬಂದ್ರ ನಸುಕಿನ್ಯಾಗ ನುಂಗಿ ಸಂಜಿತನಕ ಬಿದ್ದಿರ್ತಾರ. ಅಲ್ಲಾಗೂ ತ್ರಾಸ, ನನಗೂ ತ್ರಾಸ. ಗುಳಿಗಿ ಊಟದ ಕೂಡ ಆಚಾರ್ ಸಾಬ್. ಊಟ ಇಲ್ಲಂದ್ರ ಗುಳಿಗಿ ಇಲ್ಲ.”

ಆಚಾರ್ಯರು ಇದರಲ್ಲಿ ತಮಗೆ ಬೇಕಾದಷ್ಟನ್ನು ತೆಗೆದುಕೊಂಡರು. ಎಲೆಯ ಮುಂದೆ ಕೂತಾಗ ಗುಳಿಗೆ ಬಾಯಿಗೆ ಹಾಕುವಂತಿಲ್ಲ, ಉಂಡೆದ್ದ ಮೇಲೆ ಆ ದಿನ ಮತ್ತೇನೂ ತೆಗೆದುಕೊಳ್ಳುವಂತಿಲ್ಲ. ಆದ್ದರಿಂದ ಶ್ರಾದ್ಧದ ದಿನ ಗುಳಿಗೆಯೇ ಇಲ್ಲವೆಂದಾಯಿತು. ಸಿಹಿ ಮಾತ್ರ ಉಳಿಯಿತು.

ಹೀಗೆ ವರ್ಷಗಳು ಕಳೆದವು. ಮನೆಯಲ್ಲಿ ಉಂಡ ದಿನಗಳಲ್ಲಿ ನಳಿಗೆ ಹಸಿರು, ಹೊರಗೆ ಉಂಡ ಮರುದಿನ ಇಟ್ಟಿಗೆ. ಕಾವೇರಿಬಾಯಿ ಬೈದರು, ಮಾತು ಬಿಟ್ಟರು, ಒಮ್ಮೆ ತಮ್ಮ ತವರಾದ ಚೀಕಲಪರ್ವಿಗೆ ಹೋಗಿ ಕೂತು, ಗಂಡ ಒಬ್ಬರೇ ಏನು ತಿನ್ನುತ್ತಾರೋ ಎಂದು ಹೆದರಿ ತಿರುಗಿ ಬಂದರು.

ಎಂಬತ್ತರಲ್ಲಿ ಡಾಕ್ಟರರು ಆಚಾರ್ಯರ ಪಾದಕ್ಕೆ ಸೂಜಿ ಮುಟ್ಟಿಸಿ ನೋಡಿದರು. ಆಚಾರ್ಯರಿಗೆ ಗೊತ್ತಾಗಲಿಲ್ಲ.

“ಕಾಲು ಸತ್ತಾವ. ಮುಳ್ಳು ಚುಚ್ಚಿದ್ರೂ ತಿಳಿಯೂದಿಲ್ಲ. ಇನ್ನ ಬರಿಗಾಲಿಲೆ ನಡೀಬ್ಯಾಡ್ರಿ. ರಬ್ಬರ್ ಚಪ್ಪಲಿ ಹಾಕ್ರಿ.”

ಚರ್ಮದ್ದಾಗಲಿ ರಬ್ಬರಿನದಾಗಲಿ ಚಪ್ಪಲಿ ಮಡಿಗೆ ಬರುವುದಿಲ್ಲ. ಆಚಾರ್ಯರು ಡಾಕ್ಟರರ ಮಾತನ್ನೂ ಮೀರಲಿಲ್ಲ, ಮಡಿಯನ್ನೂ ಬಿಡಲಿಲ್ಲ. ಅಟ್ಟದ ಮೇಲಿದ್ದ ತಂದೆಯ ಕಟ್ಟಿಗೆಯ ಹಾವುಗೆ ಇಳಿಸಿ ಹಾಕಿಕೊಂಡರು. ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವೆ ಹಿಡಿಯುವ ಗೂಟವೊಂದು ಹಾವುಗೆಗೆ ಇರುತ್ತದೆ. ಅದು ದಿನವೂ ಬೆರಳ ಸಂದಿಯನ್ನು ಉಜ್ಜಿತು. ನೋವಿಲ್ಲದ ಕಾಲು ಅದನ್ನು ಯಾರಿಗೂ ಹೇಳಲಿಲ್ಲ.

ಮರುವರ್ಷ ಭಾದ್ರಪದದಲ್ಲಿ ಕಾವೇರಿಬಾಯಿ ಗಂಡನ ಹೆಬ್ಬೆರಳ ಸಂದಿಯಲ್ಲಿ ಹಳದಿ ಲೇಪ ಕಂಡರು. ಹಣೆಗೆ ನಾಮ ಹಚ್ಚಿಕೊಳ್ಳುವ ಗೋಪಿಚಂದನದ ಮಣ್ಣು.

“ಏನ್ರೀ ಅದು ಕಾಲಿಗೆ?”

“ಚೂರು ತೊಗಲು ಕಿತ್ತದ. ದ್ವಾರಕಾದ ಮಣ್ಣು, ಇದಕ್ಕಿಂತ ಪವಿತ್ರ ಔಷಧ ಯಾವುದದ? ನೋವಂತೂ ಇಲ್ಲ.”

“ನೋವಿಲ್ಲಂದ್ರ ಹೆಚ್ಚು ಅಂಜಬೇಕು ಅಂದಾರ ಡಾಕ್ಟರು. ತೊಳದು ತೋರಸ್ರಿ.”

“ಪಕ್ಷ ಮುಗೀಲಿ.”

ಪಕ್ಷವೆಂದರೆ ಪಿತೃಪಕ್ಷ. ಆ ಹದಿನೈದು ದಿನ ಎಲ್ಲ ಮನೆಗಳಲ್ಲೂ ಶ್ರಾದ್ಧ, ಆಚಾರ್ಯರಿಗೆ ದಿನವೂ ಎಲೆ, ಕಾವೇರಿಬಾಯಿಗೆ ದಿನವೂ ಒಲೆ. ಇಬ್ಬರೂ ನಸುಕಿನಿಂದ ಮಡಿಯಲ್ಲಿರುವುದರಿಂದ ಒಬ್ಬರನ್ನೊಬ್ಬರು ಮುಟ್ಟುವುದಿಲ್ಲ. ಕಾಲು ಹಿಡಿದು ನೋಡುವ ಹಾಗಿಲ್ಲ. ಒಂದು ದಿನವೂ ಗುಳಿಗೆಯಿಲ್ಲ. ಕಾವೇರಿಬಾಯಿ ದಿನ ನೂಕಿದರು.

ಪಕ್ಷದ ಕೊನೆಯ ದಿನಗಳಲ್ಲಿ ದೇವದುರ್ಗದಿಂದ ಕರೆಯಿತ್ತು. ಗೋಪಾಲಕೃಷ್ಣರಾಯರು ಹೈಸ್ಕೂಲಿನ ಹೆಡ್‌ಮಾಸ್ತರರಾಗಿ ನಿವೃತ್ತರಾದವರು, ತಿಳಿದವರು, ಮೃದುವಾಗಿ ಮಾತಾಡುವವರು. ಅಂಗಳದಲ್ಲಿ ಸೆಗಣಿಯಿಂದ ಸಾರಿಸಿದ ಮಂಡಲದ ಮೇಲೆ ಬ್ರಾಹ್ಮಣರನ್ನು ನಿಲ್ಲಿಸಿ ಯಜಮಾನ ಅವರ ಪಾದ ತೊಳೆಯುವುದು ಶ್ರಾದ್ಧದ ಮುಖ್ಯ ವಿಧಿ. ಸತ್ತ ತಂದೆಯ ಪಾದವೆಂದು ತಿಳಿದು ತೊಳೆಯಬೇಕು. ಹೆಂಡತಿ ತಂಬಿಗೆಯಿಂದ ನೀರು ಹಾಕುತ್ತಿದ್ದಳು. ರಾಯರು ಎರಡೂ ಕೈಗಳಿಂದ ಆಚಾರ್ಯರ ಬಲಪಾದವನ್ನು ತಿಕ್ಕಿದರು. ಹಳದಿ ಮಣ್ಣು ಕರಗಿ ಹೋಯಿತು. ಅದರ ಕೆಳಗೆ ಬೆರಳ ಬುಡ ಕಪ್ಪಗಿತ್ತು. ಕೀವು ಅವರ ಅಂಗೈಗೆ ಬಂತು. ವಾಸನೆ ಅಡಿಗೆಮನೆಯ ಬಾಗಿಲಿನವರೆಗೆ ಬಂತು.

ರಾಯರು ಕೈ ಹಿಂದೆಗೆಯಲಿಲ್ಲ. ಪಾದವನ್ನು ನಿಧಾನವಾಗಿ ಕೆಳಗಿಟ್ಟು ಎದ್ದರು.

“ಆಚಾರ್ರ, ನೀವು ಹಿರಿಯರು. ನಾ ಏನಂತ ಹೇಳ್ಲಿ. ಇಂಥಾ ಗಾಯ ಇಟಗೊಂಡು ಕೂಡಬಾರದೂಂತ ನಿಮಗಽ ಗೊತ್ತದ.”

“ಮಾಯ್ಲಿಕ್ಕತ್ತದ ರಾಯರ. ನೋವಿಲ್ಲ.”

“ಅಪ್ಪನ ಕಾಲು ಅಂತ ತೊಳದೆ ನಾ. ದವಾಖಾನಿಗೆ ನಡ್ರಿ, ನಾನಽ ಕರಕೊಂಡು ಹೋಗ್ತೀನಿ. ಆದ್ರ ಎಲಿಗೆ ಬ್ಯಾಡ.”

ಭೀಮಸೇನಾಚಾರ್ಯರು ಪಿತೃಸ್ಥಾನಕ್ಕೆ ಸರಿದು ಕೂತರು. ದೇವತೆಗಳ ಸ್ಥಾನಕ್ಕೆ ಪಕ್ಕದ ಮನೆಯಿಂದ ಒಬ್ಬರನ್ನು ಕರೆತಂದರು. ಆಚಾರ್ಯರನ್ನು ಕಟ್ಟೆಯ ಮೇಲೆ ಚಾಪೆ ಹಾಸಿ ಕೂರಿಸಿದರು. ಕಾವೇರಿಬಾಯಿ ಒಳಗಿದ್ದರು. ಅವರ ಕೈಯಲ್ಲಿ ವಡೆಯ ಹಿಟ್ಟಿತ್ತು, ಎಣ್ಣೆ ಕಾದಿತ್ತು. ಮಡಿ ಮುರಿದು ಹೊರಗೆ ಬಂದರೆ ಈ ಮನೆಯ ಶ್ರಾದ್ಧವೂ ಕೆಡುತ್ತಿತ್ತು. ಈ ಸಲ ಬೆಲ್ಲದಿಂದ ಆಗುವ ಕೆಲಸವೂ ಇರಲಿಲ್ಲ. ಅವರು ವಡೆ ತಟ್ಟಿದರು. ಗಂಡನ ಜಾಗದಲ್ಲಿ ಕೂತವರ ಎಲೆಗೆ ಬಿಸಿಯಾಗಿ ಒಂದೊಂದನ್ನೇ ಕಳಿಸಿದರು.

ರಾಯಚೂರಿನ ದೊಡ್ಡ ಆಸ್ಪತ್ರೆಯ ಸರ್ಜನ್ ಬೆರಳನ್ನು ಅಂದೇ ತೆಗೆಯಬೇಕೆಂದರು. ಬೆರಳು ಹೋದರೆ ಪಾದ ಉಳಿಯುತ್ತದೆ. ಡಾಕ್ಟರ್ ವಹೀದರೂ ಬಂದು ಹಾಸಿಗೆಯ ಪಕ್ಕ ನಿಂತು ಅದನ್ನೇ ಹೇಳಿದರು. ಆಚಾರ್ಯರು ಒಪ್ಪಲಿಲ್ಲ.

“ಬೆರಳು ಹೋದ್ರ ಅಂಗಹೀನ ಆಗ್ತೀನಿ. ಅಂಗಹೀನಗ ಪಿತೃಸ್ಥಾನ ಇಲ್ಲ. ಜನ್ಮ ಪೂರ್ತಿ ಇಲ್ಲ.”

“ಈಗೇನು ಆ ಸ್ಥಾನ ಅದ?” ಎಂದರು ಕಾವೇರಿಬಾಯಿ. “ದೇವದುರ್ಗದಾಗ ಎಬ್ಬಿಸಿ ಕಟ್ಟಿ ಮ್ಯಾಲ ಕೂಡಿಸಿದ್ದು ಮರತ್ರೇನು?”

“ಗಾಯ ಮಾಯ್ತದ. ಬೆರಳು ಚಿಗುರೂದಿಲ್ಲ.”

“ಕಾಲು ಚಿಗುರ್ತದೇನ್ರಿ? ಜೀವ ಚಿಗುರ್ತದೇನು?”

ಅವರು ಗಂಡನ ಕೈ ಹಿಡಿದು ಬೇಡಿಕೊಂಡರು. ಎಲ್ಲರೆದುರಿಗೆ ಗಂಡನ ಕೈ ಹಿಡಿದದ್ದು ಅದೇ ಮೊದಲು. ಆಚಾರ್ಯರು ಕೈ ಬಿಡಿಸಿಕೊಳ್ಳಲಿಲ್ಲ. ಒಪ್ಪಲೂ ಇಲ್ಲ. ಮೂರನೆಯ ದಿನ ಮಾನ್ವಿಗೆ ಹಿಂತಿರುಗಿದರು. ಹೊರಡುವಾಗ ಡಾಕ್ಟರ್ ವಹೀದರು ಕಾವೇರಿಬಾಯಿಗೆ, “ನೀವು ಮಾಡೂದೆಲ್ಲಾ ಮಾಡೀರಿ ಬಾಯೀರ” ಎಂದರು. ಇದನ್ನು ಡಾಕ್ಟರರು ಯಾವಾಗ ಹೇಳುತ್ತಾರೆಂಬುದು ಅವರಿಗೆ ಗೊತ್ತಿತ್ತು.

ಮನೆಯಲ್ಲಿ ಬೇವಿನ ನೀರು, ಅರಿಸಿನ, ಯಾರೋ ಹೇಳಿದ ಎಣ್ಣೆ. ದೀಪಾವಳಿಗೆ ಪಾದ ಪೂರ್ತಿ ಕಪ್ಪಾಯಿತು, ಜ್ವರ ತಲೆಗೇರಿತು. ಆಚಾರ್ಯರಿಗೆ ಬೇಡವೆನ್ನುವ ಎಚ್ಚರ ಉಳಿಯಲಿಲ್ಲವಾಗಿ ಕಾವೇರಿಬಾಯಿ ಒಪ್ಪಿಗೆಪತ್ರಕ್ಕೆ ಹೆಬ್ಬೆಟ್ಟೊತ್ತಿದರು, ಅದೇ ಸರ್ಜನ್ ಮೊಣಕಾಲಿನ ಮೇಲೆ ಕತ್ತರಿಸಿದರು. ಕತ್ತರಿಸಿದ್ದನ್ನು ಏನು ಮಾಡಬೇಕೆಂದು ಆಸ್ಪತ್ರೆಯವರು ಕೇಳಿದಾಗ, ಸುಟ್ಟುಬಿಡಿ ಎಂದರು ಕಾವೇರಿಬಾಯಿ.

ಆಚಾರ್ಯರು ಬದುಕಿದರು. ಗುಳಿಗೆ ಇನ್ನು ಸಾಲದೆಂದು ಇನ್ಸುಲಿನ್ ಬಂತು. ಆ ಕಾಲದಲ್ಲಿ ಅದನ್ನು ಯಾವ ಪ್ರಾಣಿಗಳ ಒಡಲಿನಿಂದ ತೆಗೆಯುತ್ತಿದ್ದರೆಂಬುದನ್ನು ಡಾಕ್ಟರ್ ವಹೀದರು ಹೇಳಲಿಲ್ಲ, ಕಾವೇರಿಬಾಯಿ ಕೇಳಲಿಲ್ಲ. ಕೇಳಬಾರದ್ದೇನೋ ಇದೆಯೆಂದು ಡಾಕ್ಟರರು ಬೇರೆಡೆ ನೋಡಿದ್ದರಲ್ಲೇ ಅವರಿಗೆ ತಿಳಿಯಿತು. ಹಿತ್ತಲ ಕೊಟ್ಟಿಗೆಯಲ್ಲಿ ಬೇರೆ ಒಲೆ ಹೂಡಿ ಸೂಜಿ ಕುದಿಸಿದರು. ದಿನವೂ ಬೆಳಗ್ಗೆ ತಾವೇ ಚುಚ್ಚಿದರು. ಯಾವ ಮನೆಯಿಂದಲೂ ಆಚಾರ್ಯರಿಗೆ ಕರೆಯಿರಲಿಲ್ಲ. ಹೊರಗಿನ ಊಟವಿಲ್ಲ, ಸಿಹಿಯಿಲ್ಲ, ತೂಗಿದ ಹಾಗೆ ಪಥ್ಯ. ನಳಿಗೆ ನೀಲಿಯಾಯಿತು, ನೀಲಿಯಾಗಿಯೇ ಉಳಿಯಿತು. ಈಗ ಬರೋಬ್ಬರಿ ಹದ್ದುಬಸ್ತಿಗೆ ಬಂತು ಎಂದರು ಡಾಕ್ಟರರು. ಹೇಳಿದ ಮೇಲೆ ಅವರಿಗೇ ಕೆಡುಕೆನಿಸಿತು.

ಭೀಮಸೇನಾಚಾರ್ಯರು ಕೆಲವು ದಿನ ಬಂದು ಕೂತು ಮಾತಾಡಿದರು. ಯಾವ ಮನೆಯಲ್ಲಿ ಏನು ಬಡಿಸಿದರೆಂದು ಹೇಳಬಾರದು, ಬೇರೆ ಮಾತು ಅವರಲ್ಲಿರಲಿಲ್ಲ. ಬರುವುದು ಕಡಿಮೆಯಾಯಿತು.

ಆಮೇಲೆ ಆಚಾರ್ಯರು ಉಣ್ಣುವುದನ್ನು ಬಿಟ್ಟರು. ಹಠದಿಂದಲ್ಲ. ಬೆಳಗ್ಗೆ ಸೂಜಿಗೆ ತೋಳು ಚಾಚುತ್ತಿದ್ದರು, ಚುಚ್ಚಿಸಿಕೊಳ್ಳುತ್ತಿದ್ದರು, ರೊಟ್ಟಿ ಮುಂದಿಟ್ಟರೆ ಒಂದೆರಡು ತುತ್ತಿಗೆ ಕೈ ನಿಲ್ಲುತ್ತಿತ್ತು. ಮೊದಲ ಸಲ ಬೆವರಿ ಬಿದ್ದಾಗ ಕಾವೇರಿಬಾಯಿ ಸಕ್ಕರೆ ನೀರು ಹಾಕಿ ಎಬ್ಬಿಸಿದರು. ಮರುದಿನದಿಂದ ಕ್ರಮ ಬದಲಿಸಿದರು. ಮೊದಲು ರೊಟ್ಟಿ, ಆಮೇಲೆ ಸೂಜಿ. ಉಣ್ಣದಿದ್ದರೆ ಸೂಜಿಯಿಲ್ಲ. ಸೂಜಿಯಿಲ್ಲದ ದಿನ ನಳಿಗೆ ಕೆಂಪಾಗುತ್ತಿತ್ತು. ಚುಚ್ಚಿದರೆ ಒಂದು ಭಯ, ಚುಚ್ಚದಿದ್ದರೆ ಇನ್ನೊಂದು. ಉಂಡರೆ ಮಾತ್ರ ಎರಡೂ ಇಲ್ಲ.

“ಬಾಯಿ ತಗೀರಿ.”

“ಬ್ಯಾಡ ಕಾವೇರಿ.”

“ಬ್ಯಾಡ ಅನ್ನಲಿಕ್ಕೆ ನಿಮ್ಮನ್ನೇನು ಕೇಳಲಿಕ್ಕತ್ತೀನಾ? ಊರ ಮಂದಿಗೆಲ್ಲಾ ಉಂಡ್ರಿ. ನನ್ನ ಸಲುವಾಗಿ ಒಂದು ರೊಟ್ಟಿ ತಿನ್ನಲಿಕ್ಕೆ ಆಗೂದಿಲ್ಲ?”

ಆಚಾರ್ಯರು ತಾಟನ್ನು ನೋಡಿದರು.

“ಇಷ್ಟು ವರ್ಷ ಯಾರ್ಯಾರದೋ ಹಸಿವಿ ಉಂಡೆ. ಈಗ ಯಾರೂ ಬರೂದಿಲ್ಲ. ನನ್ನ ಹಸಿವಿ ಅನ್ನೂದು ಹೆಂಗಿರ್ತದಂತ ಗೊತ್ತಽ ಆಗವಲ್ದು.”

“ಗೊತ್ತಾಗೂದೇನೂ ಬ್ಯಾಡ. ಅಗದು ನುಂಗ್ರಿ.”

ಕಾವೇರಿಬಾಯಿ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಬಾಯಿಗಿಟ್ಟರು. ಆಚಾರ್ಯರು ಅಗಿದರು. ಅದು ಬಾಯಲ್ಲೇ ಉಳಿಯಿತು. ಕಾವೇರಿಬಾಯಿ ತುಂಬಿಟ್ಟುಕೊಂಡಿದ್ದ ಸೂಜಿಯ ಔಷಧವನ್ನು ಹಿತ್ತಲ ಮಣ್ಣಿಗೆ ಚೆಲ್ಲಿ ಬಂದರು.

ಎಂಬತ್ತಮೂರರ ಮಾಘದಲ್ಲಿ ಆಚಾರ್ಯರು ತೀರಿಕೊಂಡರು. ಸಾವು ಬಂದದ್ದು ಕಾಲಿನಿಂದಲ್ಲ, ಮೂತ್ರಪಿಂಡದಿಂದ ಎಂದು ಡಾಕ್ಟರ್ ವಹೀದರು ಹೇಳಿದರು. ಕಾವೇರಿಬಾಯಿಗೆ ಆ ವ್ಯತ್ಯಾಸ ಬೇಕಾಗಿರಲಿಲ್ಲ.

ಕರ್ಮಕ್ಕೆ ಆಚಾರ್ಯರ ತಮ್ಮನ ಮಗ ಪವಮಾನ ಬಂದ. ಶಕ್ತಿನಗರದಲ್ಲಿ ಆಗ ಕಟ್ಟುತ್ತಿದ್ದ ವಿದ್ಯುತ್ ಕೇಂದ್ರದಲ್ಲಿ ಕೆಲಸಕ್ಕಿದ್ದವನು. ರಜೆ ಹೆಚ್ಚಿರಲಿಲ್ಲ, ಆದರೂ ಎಲ್ಲವನ್ನೂ ಶ್ರದ್ಧೆಯಿಂದ ಮಾಡಿದ. ವರ್ಷ ತುಂಬಿದ ಮೇಲಿನ ಮೊದಲ ಶ್ರಾದ್ಧಕ್ಕೆ ಹಿಂದಿನ ದಿನವೇ ಮಾನ್ವಿಗೆ ಬಂದು, ದೊಡ್ಡಮ್ಮನ ಮುಂದೆ ಚಾಪೆಯ ಮೇಲೆ ಕೂತ. ಅಡಿಗೆಗೆ ಬೇರೆಯವರನ್ನು ಗೊತ್ತುಮಾಡಿದ್ದ. ತಮ್ಮ ಗಂಡನ ಶ್ರಾದ್ಧಕ್ಕೆ ತಾವು ಒಲೆ ಹಚ್ಚುವುದಿಲ್ಲವೆಂದು ಕಾವೇರಿಬಾಯಿ ಮೊದಲೇ ಹೇಳಿದ್ದರು.

“ದೊಡ್ಡಮ್ಮ, ದೊಡ್ಡಪ್ಪಗ ಯಾವುದು ಸೇರ್ತಿತ್ತು ಹೇಳ್ರಿ. ಅದನ್ನ ಮುದ್ದಾಂ ಮಾಡಸ್ತೀನಿ. ಪಾಯಸೋ, ಅತ್ರಸೋ?”

ಕಾವೇರಿಬಾಯಿ ಉತ್ತರಿಸಲು ಬಾಯಿ ತೆರೆದರು. ಮೂವತ್ತಕ್ಕೂ ಹೆಚ್ಚು ವರ್ಷ ಆ ಮನುಷ್ಯನಿಗೆ ಬಡಿಸಿದ್ದರು, ಅವರ ಬಾಯಿಗೆ ಹೋದದ್ದನ್ನೂ ಮೈಯಿಂದ ಹೊರಬಂದದ್ದನ್ನೂ ಅಳೆದು ನೋಡಿದ್ದರು. ಎಲೆಯ ಮೇಲೆ ಬಂದದ್ದನ್ನೆಲ್ಲ ಅವರು ಉಂಡಿದ್ದರು, ಮನೆಯಲ್ಲಿ ಕೊಟ್ಟದ್ದನ್ನೆಲ್ಲ ಉಂಡಿದ್ದರು. ಇದು ಇನ್ನಷ್ಟು ಹಾಕು ಎಂದು ಒಮ್ಮೆಯೂ ಅಂದಿರಲಿಲ್ಲ. ತಾವಾಗಿ ಇದು ಬೇಡವೆಂದೂ ಕೊನೆಯ ದಿನಗಳವರೆಗೆ ಅಂದಿರಲಿಲ್ಲ.

“ಗೊತ್ತಿಲ್ಲಪಾ,” ಎಂದರು.

ಪವಮಾನನಿಗೆ ಅವರು ದುಃಖದಿಂದ ಹಾಗೆ ಹೇಳಿದರೆನಿಸಿತು.

“ಇರ್ಲಿ ಬಿಡ್ರಿ. ಎಲ್ಲಾನೂ ಮಾಡಸ್ತೀನಿ.”

“ಮಾಡಸು,” ಎಂದು ಕಾವೇರಿಬಾಯಿ ಗೋಡೆಗೆ ಒರಗಿ ಕೂತರು.